ಬಜ್ಪೆಯಲ್ಲಿ ಇಳಿಯದ ವಿಮಾನ, ಊರಿನಲ್ಲಿ ಕಾಯುವ ಮನೆ

ಮಳೆಗಾಲದಲ್ಲಿ ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಹೊರಟವರು ಬೆಂಗಳೂರಿನಲ್ಲೋ ಕಣ್ಣೂರಿನಲ್ಲೋ ಕೊಚ್ಚಿಯಲ್ಲೋ ಇಳಿಯುವುದು ನಗರದ ತುಳು-ಕನ್ನಡಿಗರಿಗೆ ಹೊಸ ಸುದ್ದಿಯೇನಲ್ಲ. ಸಂಘದ ಮಹಾಸಭೆ ಮುಗಿದು ಚಹಾ ಕುಡಿಯುವಾಗ ಇಂಥ ಒಂದು ಅನುಭವ ಹೇಳದವರು ಕಡಿಮೆ. ನಿಶ್ಚಿತಾರ್ಥಕ್ಕೆ ಹೊರಟವರು ಮರುದಿನ ಉಳಿದ ಪಾಯಸ ಉಂಡು ಬಂದದ್ದು, ಹೊಸ ಸೀರೆಯಲ್ಲೇ ಬೆಂಗಳೂರಿನ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ರಾತ್ರಿ ಕಳೆದದ್ದು ಎಲ್ಲವೂ ಆಮೇಲೆ ನಗುವ ವಿಷಯಗಳೇ. ಆದರೆ ಎಲ್ಲ ಪ್ರಯಾಣವೂ ಶುಭ ಕಾರ್ಯಕ್ಕೆ ಆಗಿರುವುದಿಲ್ಲ.

ಇತ್ತೀಚಿನ ಒಂದು ಮಳೆಗಾಲದಲ್ಲಿ ಡೊಂಬಿವಲಿಯ ಒಂದು ಕುಟುಂಬಕ್ಕೆ ರಾತ್ರಿ ಎರಡು ಗಂಟೆಗೆ ಊರಿನಿಂದ ಫೋನ್ ಬಂತು. ಕಾರ್ಕಳದ ಕಡೆಯ ಹಳ್ಳಿಯಲ್ಲಿ ಎಂಬತ್ತು ದಾಟಿದ ತಾಯಿ ತೀರಿಕೊಂಡಿದ್ದರು. "ಅಣ್ಣ, ನೀವು ಹೊರಡಿ. ನೀವು ಬರುವ ತನಕ ತೆಗೆಯುವುದಿಲ್ಲ" ಎಂದ ತಮ್ಮ. ಹಿರಿಯ ಮಗ, ಅವರ ಪತ್ನಿ, ಅರುವತ್ತು ಕಳೆದ ಅಕ್ಕ ಈ ಮೂವರೂ ಎಂದಿನ ದರದ ಮೂರು ಪಟ್ಟು ಕೊಟ್ಟು ಬೆಳಗಿನ ವಿಮಾನ ಹಿಡಿದರು. ಒಂದೂವರೆ ಗಂಟೆಯ ಹಾದಿ. ಮಧ್ಯಾಹ್ನದ ಒಳಗೆ ಮನೆಯಲ್ಲಿರಬೇಕಿತ್ತು.

ಮಂಗಳೂರಿನ ಮೇಲೆ ಅರ್ಧ ಗಂಟೆ ಸುತ್ತು ಹಾಕಿದ ವಿಮಾನ ಬೆಂಗಳೂರಿಗೆ ತಿರುಗಿತು. ಪ್ರಕಟಣೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಆಯಿತು. ಅಕ್ಕನಿಗೆ ತುಳು, ಕನ್ನಡ, ತರಕಾರಿ ಮಾರುಕಟ್ಟೆಗೆ ಸಾಕಾಗುವಷ್ಟು ಮರಾಠಿ ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೇ. ಚಕ್ರ ನೆಲ ಮುಟ್ಟಿದಾಗ "ಬಜ್ಪೆ ಬಂತಾ?" ಎಂದು ಕೇಳಿದರು. ತಮ್ಮನ ಬಾಯಿಂದ ಉತ್ತರ ಹೊರಡಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು "ಇಲ್ಲ ಆಂಟಿ, ಇದು ಬೆಂಗಳೂರು" ಎಂದಳು.

ಒಂಬತ್ತೂವರೆಯಿಂದ ಎರಡರವರೆಗೆ ಅವರು ಅದೇ ಸೀಟಿನಲ್ಲಿದ್ದರು. ಬಾಗಿಲು ತೆರೆಯಲಿಲ್ಲ. ಅರ್ಧ ಗಂಟೆಗೊಮ್ಮೆ "ಮುಂದಿನ ಮಾಹಿತಿಗಾಗಿ ಕಾಯಿರಿ" ಎಂಬ ಒಂದೇ ಮಾತು. ಒಂದು ಬಿಸ್ಕತ್ತಿನ ಪೊಟ್ಟಣ, ಒಂದು ಜ್ಯೂಸ್ ಡಬ್ಬಿ ಬಂತು. ಎರಡು ಗಂಟೆಗೆ ಪೈಲಟರ ಕರ್ತವ್ಯದ ಅವಧಿ ಮುಗಿದುದರಿಂದ ಪ್ರಯಾಣ ರದ್ದಾಗಿದೆ ಎಂದು ತಿಳಿಸಲಾಯಿತು. ಸಾಮಾನು ಕೈಗೆ ಬರಲು ಮತ್ತೊಂದು ತಾಸು. ಮೂವರೂ ಟ್ಯಾಕ್ಸಿ ಮಾಡಿಕೊಂಡು ಶಿರಾಡಿ ಘಾಟಿಯ ದಾರಿ ಹಿಡಿದರು.

ಊರಿನಲ್ಲಿ ಮಳೆ ನಿಂತಿರಲಿಲ್ಲ. ಕತ್ತಲಾದರೆ ತೋಟದ ಕೆಳಗಿನ ದಾರಿಯಲ್ಲಿ ಹೊತ್ತೊಯ್ಯುವುದು ಕಷ್ಟ ಎಂದು ಹಿರಿಯರು ಐದು ಗಂಟೆಯವರೆಗೆ ಕಾದು ತೀರ್ಮಾನಿಸಿದರು. ತಮ್ಮ ಬೆಂಕಿ ಕೊಟ್ಟ. ಕುಣಿಗಲ್ ದಾಟುವಾಗ ಹಿರಿಯ ಮಗ ಅದನ್ನು ಮೊಬೈಲಿನಲ್ಲಿ ನೋಡಿದರು. ಮನೆ ತಲುಪಿದಾಗ ರಾತ್ರಿ ಒಂದು ಗಂಟೆ.

ಇಂಥ ಸಂದರ್ಭದಲ್ಲಿ ಜನರ ಸಿಟ್ಟು ಮೊದಲು ತಿರುಗುವುದು ಪೈಲಟನ ಮೇಲೆ. "ಹಿಂದಿನ ವಿಮಾನ ಇಳಿಯಿತಂತೆ, ಇವನಿಗೇನಾಗಿತ್ತು?" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಇದು ಸರಿಯಲ್ಲ. 1951ರ ಡಿಸೆಂಬರ್ 25ರಂದು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ಬಜ್ಪೆ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. 2006ರಲ್ಲಿ ಬಳಕೆಗೆ ಬಂದ 2,450 ಮೀಟರಿನ ಎರಡನೆಯ ರನ್‌ವೇಯೂ ಅಂಥದೇ. ಅಂಚು ಮೀರಿದರೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ವಿಮಾನ ಅಲ್ಲಿ 158 ಜೀವಗಳನ್ನು ಬಲಿ ತೆಗೆದುಕೊಂಡದ್ದನ್ನು ಕರಾವಳಿಯವರು ಮರೆಯುವಂತಿಲ್ಲ. ಆ ದಿನ ಮಳೆ ಇರಲಿಲ್ಲ, ಮಂಜೂ ಇರಲಿಲ್ಲ. ಇಳಿಯುವ ಪ್ರಯತ್ನ ಬಿಟ್ಟು ಮತ್ತೆ ಮೇಲೇರಬೇಕೆಂದು ಸಹ ಪೈಲಟ್ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಹೊರಟದ್ದೇ ದುರಂತಕ್ಕೆ ಕಾರಣ ಎಂದು ತನಿಖೆ ಹೇಳಿತು. 2020ರ ಆಗಸ್ಟ್ 7ರಂದು ಇಂಥದೇ ಗುಡ್ಡದ ನೆತ್ತಿಯ ಕೋಯಿಕ್ಕೋಡ್ ನಿಲ್ದಾಣದಲ್ಲಿ ಮಳೆಯ ನಡುವೆ ಎರಡನೆಯ ಪ್ರಯತ್ನದಲ್ಲಿ ಇಳಿದ ವಿಮಾನ ಅಂಚು ದಾಟಿ 21 ಮಂದಿ ತೀರಿಕೊಂಡರು.

ನಿಗದಿತ ಎತ್ತರಕ್ಕೆ ಇಳಿದಾಗ ರನ್‌ವೇ ಕಣ್ಣಿಗೆ ಕಾಣದಿದ್ದರೆ ಮೇಲೇರಲೇಬೇಕು ಎಂಬುದು ನಿಯಮ. ಮೋಡ ಗುಡ್ಡದ ಮೇಲೆ ಕುಳಿತ ಹೊತ್ತಿನಲ್ಲಿ ಹತ್ತು ನಿಮಿಷದ ಅಂತರದಲ್ಲಿ ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣದೆ ಹೋಗಬಹುದು. ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು ಇಂಧನವನ್ನೂ ಅದರ ಮೇಲೆ ಅರ್ಧ ಗಂಟೆ ಹಾರುವಷ್ಟನ್ನೂ ಉಳಿಸಿಕೊಂಡೇ ಆತ ಸುತ್ತು ಹಾಕಬೇಕು. ಆ ಲೆಕ್ಕ ಮುಗಿಯುವ ಮೊದಲೇ ತಿರುಗಿಸುವವನೇ ಜವಾಬ್ದಾರಿಯ ಪೈಲಟ್. 2015ರ ಆಗಸ್ಟ್‌ನಲ್ಲಿ ದೋಹಾದಿಂದ ಕೊಚ್ಚಿಗೆ ಬಂದ ವಿಮಾನವೊಂದು ಅಲ್ಲಿ ಇಳಿಯಲಾಗದೆ ತಿರುವನಂತಪುರಕ್ಕೆ ಹೋಗಿ, ಅಲ್ಲಿಯೂ ಹಲವು ಬಾರಿ ಪ್ರಯತ್ನಿಸಿ, ಇಂಧನ ತಳ ಕಾಣುವ ಹೊತ್ತಿಗೆ ಇಳಿದ ಘಟನೆಯನ್ನು ನೆನೆದರೆ ಬೆಂಗಳೂರಿನಲ್ಲಿ ಕಾಯುವುದು ದೊಡ್ಡ ಕಷ್ಟವೆನಿಸದು.

ದೂರು ಇರಬೇಕಾದುದು ಇಳಿದ ಮೇಲಿನ ನಾಲ್ಕೂವರೆ ತಾಸಿನ ಬಗ್ಗೆ.

ವಿಮಾನ ಎಲ್ಲೋ ಇಳಿದ ಮೇಲೆ ಇಂಧನ ತುಂಬಬೇಕು, ಹೊಸ ಹಾರಾಟದ ಯೋಜನೆಗೆ ಒಪ್ಪಿಗೆ ಬೇಕು, ಮಂಗಳೂರಿನ ಹವಾಮಾನ ತಿಳಿಯಾಗಬೇಕು, ಪೈಲಟರ ಕೆಲಸದ ಅವಧಿ ಉಳಿದಿರಬೇಕು. ಆಯಾಸಗೊಂಡ ಪೈಲಟ್ ವಿಮಾನ ನಡೆಸಬಾರದೆಂದು ಈ ಅವಧಿಯನ್ನು ನಿಯಮದಲ್ಲಿ ಕಟ್ಟಿಹಾಕಿದ್ದಾರೆ. ಅದು ಬೇಕಾದದ್ದೇ. ಆದರೆ ಪೈಲಟರ ಅವಧಿ ಎರಡು ಗಂಟೆಗೆ ಮುಗಿಯುತ್ತದೆ ಎಂಬುದು ಎರಡು ಗಂಟೆಗೆ ಆಕಾಶದಿಂದ ಉದುರಿದ ಸಮಾಚಾರವಲ್ಲ. ಬೆಳಗ್ಗೆ ಅವರು ಡ್ಯೂಟಿಗೆ ಸಹಿ ಹಾಕಿದಾಗಲೇ ಕಂಪೆನಿಗೆ ಗೊತ್ತಿರುವ ಲೆಕ್ಕ. "ಹನ್ನೆರಡರೊಳಗೆ ಮಂಗಳೂರು ತೆರೆಯದಿದ್ದರೆ ಈ ವಿಮಾನ ಇಂದು ಹೊರಡುವುದು ಕಷ್ಟ" ಎಂದು ಹತ್ತು ಗಂಟೆಗೆ ಹೇಳಿ ಇಳಿಸಿದ್ದರೆ ಆ ಮೂವರೂ ಸಂಜೆಯ ಹೊತ್ತಿಗೆ ಕಾರ್ಕಳದ ಹತ್ತಿರವಿರುತ್ತಿದ್ದರು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು. ತಿಂಗಳ ಮೊದಲ ವಾರದಲ್ಲಿ ಪಿಂಚಣಿಯವರ ಸಾಲು ಬಾಗಿಲವರೆಗೆ ಬಂದಿರುತ್ತದೆ. ಟೋಕನ್ ಕೊಟ್ಟು "ಒಂದು ಗಂಟೆಯಾಗುತ್ತದೆ" ಎಂದರೆ ಹಿರಿಯರು ಹೋಗಿ ಔಷಧ ತೆಗೆದುಕೊಂಡು ಬರುತ್ತಾರೆ, ಯಾರೂ ಜಗಳ ಮಾಡುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ಹೇಳದೆ "ಸ್ವಲ್ಪ ಕೂತುಕೊಳ್ಳಿ" ಎಂದೇ ಹೇಳುತ್ತಿದ್ದರೆ ಅದೇ ಹಿರಿಯರು ಮ್ಯಾನೇಜರರ ಕೋಣೆಗೆ ನುಗ್ಗುತ್ತಾರೆ. ತಪ್ಪು ಹಿರಿಯರದಲ್ಲ.

ಇಳಿಯಲು ಬಿಡದಿರುವುದಕ್ಕೂ ಕಾರಣವಿಲ್ಲದಿಲ್ಲ. ಒಬ್ಬ ಪ್ರಯಾಣಿಕ ನಡುವೆ ಇಳಿದರೆ ಭದ್ರತೆಯ ದೃಷ್ಟಿಯಿಂದ ಅವನ ಪೆಟ್ಟಿಗೆಯನ್ನೂ ಹುಡುಕಿ ಇಳಿಸಬೇಕು. ಅದರಲ್ಲಿ ಉಳಿದವರಿಗೆ ತಡವಾಗುತ್ತದೆ. ಆದ್ದರಿಂದ ಇಂಥ ತುರ್ತು ಪ್ರಯಾಣಕ್ಕೆ ಕೈಚೀಲ ಮಾತ್ರ ಒಯ್ಯುವುದು ಲೇಸು. ಆ ಮೂವರು ಎರಡು ಪೆಟ್ಟಿಗೆ ಹಾಕಿದ್ದರು, ಒಂದರಲ್ಲಿ ಅಕ್ಕ ತಾಯಿಗಾಗಿ ತೆಗೆದಿರಿಸಿದ್ದ ಸೀರೆಯಿತ್ತು.

2024ರ ಜನವರಿಯಲ್ಲಿ ಗೋವಾದಿಂದ ದಿಲ್ಲಿಗೆ ಹೊರಟು ಮಂಜಿನಿಂದಾಗಿ ಮುಂಬಯಿಗೆ ತಿರುಗಿದ ವಿಮಾನದ ಪ್ರಯಾಣಿಕರು ಕೆಳಗಿಳಿದು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಊಟ ಮಾಡಿದ ದೃಶ್ಯ ದೇಶವೆಲ್ಲ ನೋಡಿತು. ಕಂಪೆನಿಗೆ 1.20 ಕೋಟಿ ರೂಪಾಯಿ, ನಿಲ್ದಾಣಕ್ಕೆ ಎರಡು ಬಾರಿಯಾಗಿ 90 ಲಕ್ಷ ರೂಪಾಯಿ ದಂಡ ಬಿತ್ತು. ಅದಾದ ಮೇಲೆ, ಅದೇ ವರ್ಷ, ಬಹಳ ಹೊತ್ತು ವಿಮಾನದೊಳಗೆ ಸಿಕ್ಕಿಕೊಂಡವರನ್ನು ನಿಲ್ದಾಣದ ನಿರ್ಗಮನ ವಿಭಾಗದ ಮೂಲಕ ಹೊರಬಿಡಬಹುದೆಂದು ಭದ್ರತಾ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಅಂದರೆ ದಾರಿ ಇದೆ. ಕೇಳುವವರಿಗೆ ಆ ದಾರಿಯ ವಿಷಯ ಗೊತ್ತಿರಬೇಕು ಅಷ್ಟೇ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2010ರ ನಿಯಮಾವಳಿ, ಆ ಬಳಿಕದ ತಿದ್ದುಪಡಿಗಳ ಪ್ರಕಾರ, ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ಉಪಾಹಾರ ಕೊಡಬೇಕು. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಈ ಆಯ್ಕೆ ಪ್ರಯಾಣಿಕನದು. ಹವಾಮಾನದಂಥ ಕಾರಣಕ್ಕೆ ಪರಿಹಾರದ ಹಣ ಮಾತ್ರ ಸಿಗದು. ಸಮಾಜ ಬಾಂಧವರಲ್ಲಿ ಹೆಚ್ಚಿನವರು ಪರಿಹಾರ ಸಿಗದೆಂದು ತಿಳಿದ ಕೂಡಲೇ ಉಳಿದುದನ್ನೂ ಕೇಳದೆ ಬಿಟ್ಟುಬಿಡುತ್ತಾರೆ. ಹೋಟೆಲಿನಲ್ಲಿ ಚಟ್ನಿ ಕಡಿಮೆಯಾದರೆ ಮಾಣಿಯನ್ನು ಎರಡು ಸಲ ಕರೆಯುವವರು ಸಾವಿರಾರು ರೂಪಾಯಿಯ ಟಿಕೆಟಿನ ಮೇಲೆ ಸುಮ್ಮನಿರುವುದು ವಿಚಿತ್ರ.

ಇನ್ನು ಭಾಷೆಯ ವಿಷಯ. ನಿಲ್ದಾಣಗಳಲ್ಲಿ ಮೊದಲು ಸ್ಥಳೀಯ ಭಾಷೆ, ಆಮೇಲೆ ಹಿಂದಿ, ಇಂಗ್ಲಿಷ್ ಎಂದು 2018ರ ಡಿಸೆಂಬರ್‌ನಲ್ಲಿಯೇ ಕೇಂದ್ರ ಸರಕಾರ ಸೂಚಿಸಿತ್ತು. ವಿಮಾನದೊಳಗೆ ಮಾತ್ರ ಮಂಗಳೂರಿಗೆ ಹೋಗುವವರಿಗೆ ಮಂಗಳೂರಿನಲ್ಲಿ ಇಳಿಯುತ್ತಿಲ್ಲ ಎಂಬುದನ್ನು ಕನ್ನಡದಲ್ಲಿ ಹೇಳುವವರಿಲ್ಲ. ಸೀಟು ಬೆಲ್ಟಿನ ಪಾಠ ಯಾವ ಭಾಷೆಯಲ್ಲಿದ್ದರೂ ನಡೆದೀತು, ದಾರಿ ತಪ್ಪಿದಾಗಿನ ಎರಡು ವಾಕ್ಯ ಕನ್ನಡದಲ್ಲಿ ಬೇಕು. ಬರೆದಿಟ್ಟ ಎರಡು ವಾಕ್ಯ ಓದಲು ಪಂಡಿತರು ಬೇಕಾಗಿಲ್ಲ. ಈ ಬೇಡಿಕೆಯನ್ನು ಮುಂಬಯಿಯ ಸಂಘಗಳು ಒಟ್ಟಾಗಿ ಬರಹದಲ್ಲಿ ಸಲ್ಲಿಸಬೇಕು. ಜನವರಿಯ ಮಂಜಿಗೆ ಸಿಕ್ಕಿ ಪರದಾಡುವ ದಿಲ್ಲಿಯ ಕನ್ನಡಿಗರೂ ಜತೆಗೂಡಿದರೆ ಬಲ ಹೆಚ್ಚು.

ಸಂಘಗಳಿಗೆ ಮತ್ತೊಂದು ಕೆಲಸವೂ ಇದೆ. ಶಾಲು, ಹಾರ, ಸ್ಮರಣಿಕೆಗಳಿಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ಕೋಶಾಧಿಕಾರಿಗಳಿಗೆ ಗೊತ್ತು. ಅದರಲ್ಲಿ ಒಂದು ಪೈಸೆಯೂ ಬೇಡ, ಬೆಂಗಳೂರಿನಲ್ಲಿ, ಕೊಚ್ಚಿಯಲ್ಲಿ, ಕಣ್ಣೂರಿನಲ್ಲಿ ಇರುವ ಬಂಧುಗಳ, ನಂಬಿಕೆಯ ಟ್ಯಾಕ್ಸಿಯವರ ದೂರವಾಣಿ ಸಂಖ್ಯೆಯ ಒಂದು ಪಟ್ಟಿ ಕಾರ್ಯದರ್ಶಿಯ ಬಳಿ ಇದ್ದರೆ ಸಾಕು. ಆ ದಿನ ಡೊಂಬಿವಲಿಯ ಕುಟುಂಬಕ್ಕೆ ದೇವನಹಳ್ಳಿಯ ನಿಲ್ದಾಣದ ಹೊರಗೆ ಟ್ಯಾಕ್ಸಿಗಾಗಿ ಚೌಕಾಸಿ ಮಾಡುವುದರಲ್ಲೇ ಅರ್ಧ ಗಂಟೆ ಹೋಯಿತು.

ಕೊನೆಯದಾಗಿ, ಹೇಳಲು ಸ್ವಲ್ಪ ಕಷ್ಟವಾದ ಮಾತು. "ಮುಂಬಯಿಯವರು ಬರಲಿ" ಎಂದು ಶವವನ್ನು ಇರಿಸಿಕೊಳ್ಳುವುದು ಹಳೆಯ ಪದ್ಧತಿಯಂತೆ ಕಾಣುತ್ತದೆ, ಹಾಗಲ್ಲ. ಟೆಲಿಗ್ರಾಮ್ ಬರುತ್ತಿದ್ದ ಕಾಲದಲ್ಲಿ ಮುಂಬಯಿಯವರು ಬಸ್ಸು ಹಿಡಿದು ಊರು ಮುಟ್ಟುವಾಗ ಚಿತೆ ಆರಿರುತ್ತಿತ್ತು. ಬೊಜ್ಜಕ್ಕೆ ಹೋದರೆ ಸಾಕಿತ್ತು, ಅದಕ್ಕಾಗಿ ಯಾರೂ ಯಾರನ್ನೂ ದೂರುತ್ತಿರಲಿಲ್ಲ. ಒಂದೂವರೆ ಗಂಟೆಯಲ್ಲಿ ತಲುಪಬಹುದೆಂಬ ವಿಮಾನದ ಆಸೆಯೇ ಕಾಯುವುದನ್ನು ಕಲಿಸಿತು. ಈಗ ಫ್ರೀಜರ್ ಪೆಟ್ಟಿಗೆ ಹಳ್ಳಿಗೂ ಬರುತ್ತದೆ, ಇನ್ನೂ ಕಾಯಬಹುದು. ಆದರೆ ಎಷ್ಟು ಹೊತ್ತು ಎಂಬುದನ್ನು ಮಳೆ, ಕರೆಂಟು, ಕಟ್ಟಿಗೆ, ಬಂದ ಜನ ಎಲ್ಲವನ್ನೂ ನೋಡುತ್ತಿರುವ ಊರಿನವರೇ ತೀರ್ಮಾನಿಸಬೇಕು. ಮುಂಬಯಿಯಲ್ಲಿದ್ದವರು ಫೋನಿನಲ್ಲಿ ಹಟ ಹಿಡಿಯಬಾರದು, ಬೆಂಕಿ ಕೊಟ್ಟ ತಮ್ಮನ ಮೇಲೆ ಆಮೇಲೆ ಮುನಿಸೂ ಇರಬಾರದು. ಆಸ್ತಿಯ ಮಾತಿಲ್ಲದೆಯೂ ಅಣ್ಣ-ತಮ್ಮಂದಿರು ಮಾತು ಬಿಟ್ಟ ಉದಾಹರಣೆಗಳು ಈ ಒಂದು ಕಾರಣಕ್ಕೇ ನಗರದಲ್ಲಿ ಬೇಕಷ್ಟಿವೆ.

ಡೊಂಬಿವಲಿಯ ಅಣ್ಣ ಮುನಿಸಿಕೊಳ್ಳಲಿಲ್ಲ. ರಾತ್ರಿ ಒಂದು ಗಂಟೆಗೆ ಅವರು ಅಂಗಳಕ್ಕೆ ಕಾಲಿಟ್ಟಾಗ ತಮ್ಮ ನೆನೆದ ಬಟ್ಟೆಯಲ್ಲೇ ಜಗಲಿಯಲ್ಲಿ ಕುಳಿತಿದ್ದನಂತೆ. "ಕಾಯಲಿಕ್ಕೆ ಆಗಲಿಲ್ಲ ಅಣ್ಣ" ಎಂದನಂತೆ. ಅಣ್ಣ ಅವನಿಗೆ ಮೊದಲು ಬಟ್ಟೆ ಬದಲಿಸಲು ಹೇಳಿದರು. ಅಕ್ಕ ಪೆಟ್ಟಿಗೆಯಲ್ಲಿದ್ದ ಸೀರೆಯನ್ನು ಬೊಜ್ಜದ ದಿನಕ್ಕೆಂದು ತೆಗೆದಿಟ್ಟರು.

ಬೊಜ್ಜಕ್ಕೆ ಮುಂಬಯಿಯಿಂದ ಉಳಿದ ಬಂಧುಗಳು ಎರಡು ದಿನ ಮುಂಚೆಯೇ ಮತ್ಸ್ಯಗಂಧದಲ್ಲಿ ಹೊರಟರು. ಮಳೆಗಾಲದಲ್ಲಿ ಕೊಂಕಣ ರೈಲನ್ನೂ ಪೂರ್ತಿ ನಂಬುವಂತಿಲ್ಲ. 2024ರ ಜುಲೈಯಲ್ಲಿ ಪೆರ್ನೆಮ್ ಸುರಂಗಕ್ಕೆ ನೀರು ಬಂದು, ಅದೇ ವಾರ ಖೇಡ್ ಬಳಿ ಗುಡ್ಡ ಜರಿದು ಗಾಡಿಗಳು ನಿಂತದ್ದು ಎಲ್ಲರಿಗೂ ನೆನಪಿದೆ. ಈ ಸಲವೂ ರತ್ನಗಿರಿಯಲ್ಲಿ ರೈಲು ಎರಡೂವರೆ ತಾಸು ನಿಂತಿತು. ಯಾಕೆಂದು ಗಾರ್ಡ್ ಬಂದು ಹೇಳಿ ಹೋದರು, ಜನ ಇಳಿದು ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ತಿಂದು ಮತ್ತೆ ಹತ್ತಿದರು.