ಸಂಶಯದ ಲಾಭ ಯಾರಿಗೆ?

“ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ ಯಾರಿಗೆ ಗೊತ್ತು? ಎಲ್ಲವೂ ಅನಿಶ್ಚಿತ. ಆದ್ದರಿಂದ ಯಾರನ್ನೂ ದೂರಬಾರದು.” ಎರಡನೆಯ ಮಹಾಯುದ್ಧದ ಕಾಲದ ಅಣುವಿಜ್ಞಾನಿಗಳ ಮಾತು ಬಂದಾಗ ನಮ್ಮ ಸುಶಿಕ್ಷಿತರಲ್ಲಿ ಕೆಲವರು ಹೀಗೆ ತೀರ್ಪು ಕೊಟ್ಟು, ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು ಎದ್ದುಬಿಡುತ್ತಾರೆ. ಈ ತೀರ್ಪಿಗೆ ಅವರು ಆಧಾರವಾಗಿ ಹಿಡಿಯುವುದು ‘ಕೋಪನ್‌ಹೇಗನ್’ ಎಂಬ ನಾಟಕವನ್ನು. ಇಂಗ್ಲೆಂಡಿನ ಮೈಕೇಲ್ ಫ್ರೇನ್ ಬರೆದ ಈ ನಾಟಕ 1998ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂತು, 2000ದಲ್ಲಿ ಅಮೇರಿಕೆಯಲ್ಲಿ ಟೋನಿ ಪ್ರಶಸ್ತಿ ಪಡೆಯಿತು, ಕನ್ನಡಕ್ಕೂ ಬಂದಿದೆ.

ಡೆನ್ಮಾರ್ಕಿನ ಈ ಕತೆಯಿಂದ ರೋಣದ ರೈತನಿಗೆ, ಗಜೇಂದ್ರಗಡದ ನೇಕಾರನಿಗೆ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಬಹಳ ಇದೆ ಎಂದು ನಾವು ಹೇಳುತ್ತೇವೆ. ತಿಳಿದವರು ಮಾಡಿದ ಕೆಲಸಕ್ಕೆ ತಿಳಿಯದವರು ಲೆಕ್ಕ ಕೇಳಬಹುದೋ ಇಲ್ಲವೋ ಎಂಬುದೇ ಇಲ್ಲಿಯ ಪ್ರಶ್ನೆ. ಅದು ಡೆನ್ಮಾರ್ಕಿಗಿಂತ ಮೊದಲು ನಮ್ಮ ಊರಿನ ಪ್ರಶ್ನೆ.

ಮೊದಲು ಕತೆ. 1940ರ ಏಪ್ರಿಲ್‌ನಲ್ಲಿ ಹಿಟ್ಲರನ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. 1941ರ ಸಪ್ಟೆಂಬರಿನಲ್ಲಿ ಜರ್ಮನಿಯ ದೊಡ್ಡ ಭೌತವಿಜ್ಞಾನಿ ವರ್ನರ್ ಹೈಸೆನ್‌ಬರ್ಗ್ ಅವರು ಕೋಪನ್‌ಹೇಗನ್ನಿಗೆ ಹೋಗಿ ತಮ್ಮ ಗುರುಸಮಾನರಾದ ನೀಲ್ಸ್ ಬೋರ್ ಅವರನ್ನು ಕಂಡರು. ಇಬ್ಬರೂ ಏಕಾಂತದಲ್ಲಿ ಮಾತಾಡಿದರು. ಆ ಮಾತು ಏನೆಂಬುದರಲ್ಲಿ ಇಬ್ಬರ ನೆನಪೂ ಕೊನೆಯವರೆಗೆ ಕೂಡಲಿಲ್ಲ. ಸ್ನೇಹವೂ ಮೊದಲಿನಂತೆ ಉಳಿಯಲಿಲ್ಲ. ನಾಟಕದಲ್ಲಿ ಬೋರ್, ಅವರ ಪತ್ನಿ ಮಾರ್ಗರೇಟಾ, ಹೈಸೆನ್‌ಬರ್ಗ್ ಹೀಗೆ ಮೂರೇ ಪಾತ್ರಗಳು. ಮೂವರೂ ಸತ್ತ ಮೇಲೆ ಮತ್ತೆ ಸೇರಿ ಆ ಸಂಜೆಯನ್ನು ತಿರುತಿರುಗಿ ಆಡಿ ನೋಡುತ್ತಾರೆ. ಹೈಸೆನ್‌ಬರ್ಗ್ ಯಾಕೆ ಬಂದರು? ಬಾಂಬು ಮಾಡಬಾರದೆಂದು ಎಲ್ಲ ವಿಜ್ಞಾನಿಗಳನ್ನೂ ಒಪ್ಪಿಸುವುದಕ್ಕೋ? ಎದುರು ಪಕ್ಷದ ಗುಟ್ಟು ತಿಳಿಯುವುದಕ್ಕೋ? ಗುರುವಿನ ಮುಂದೆ ದೊಡ್ಡಸ್ತಿಕೆ ತೋರಿಸುವುದಕ್ಕೋ? ನಾಟಕ ಉತ್ತರ ಕೊಡುವುದಿಲ್ಲ.

ನಾಟಕ ಒಳ್ಳೆಯದೇ. ಬೇಹುಗಾರರೂ ಗುಂಡಿನ ಸದ್ದೂ ಇಲ್ಲದೆ ಬರಿಯ ಮಾತಿನಿಂದ ಪ್ರೇಕ್ಷಕನನ್ನು ಹಿಡಿದು ಕೂಡ್ರಿಸುವುದು ಸಣ್ಣ ಕೆಲಸವಲ್ಲ. ನಮ್ಮ ತಕರಾರು ನಾಟಕದಿಂದ ಹೊರಡಿಸುವ ನೀತಿಯ ಮೇಲೆ. 1927ರಲ್ಲಿ ಹೈಸೆನ್‌ಬರ್ಗ್ ಅವರೇ ಅನಿಶ್ಚಿತತೆಯ ತತ್ವವನ್ನು ಕಂಡುಹಿಡಿದವರು. ಎಲೆಕ್ಟ್ರಾನಿನ ನೆಲೆ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ಪೂರ್ತಿ ನಿಖರವಾಗಿ ಹೇಳಲು ಬಾರದು ಎಂಬುದು ಅದರ ಸಾರ. ನಾಟಕಕಾರರು ಇದನ್ನು ಮನುಷ್ಯನ ಉದ್ದೇಶಕ್ಕೆ ಹೋಲಿಸಿದರು. ಹೋಲಿಕೆ ನಾಟಕದಲ್ಲಿ ಚೆಂದ. ಅದನ್ನೇ ನ್ಯಾಯದ ಸೂತ್ರ ಮಾಡಿಕೊಂಡವರು ವಿಜ್ಞಾನಕ್ಕೂ ನ್ಯಾಯಕ್ಕೂ ಒಟ್ಟಿಗೆ ಅನ್ಯಾಯ ಮಾಡುತ್ತಾರೆ.

ಹೇಗೆ? ಆ ತತ್ವ “ಏನೂ ಹೇಳಲಾಗದು” ಎನ್ನುವುದಿಲ್ಲ. ಎಷ್ಟರ ಮಟ್ಟಿಗೆ ಹೇಳಬಹುದು, ಎಲ್ಲಿಂದ ಮುಂದೆ ಹೇಳಲಾಗದು ಎಂಬ ಗಡಿಯನ್ನು ಅದು ಪ್ಲಾಂಕ್ ಸ್ಥಿರಾಂಕದಿಂದ ಅಳೆದು ಒಂದು ನಿಶ್ಚಿತ ಸಂಖ್ಯೆಯಲ್ಲಿ ಇಡುತ್ತದೆ. ಆ ಸಂಖ್ಯೆ ಎಷ್ಟು ಸಣ್ಣದೆಂದರೆ ಎಲೆಕ್ಟ್ರಾನಿಗೆ ಅದು ಗಡಿ. ಚಕ್ಕಡಿಗೆ ಅದು ಲೆಕ್ಕಕ್ಕೇ ಇಲ್ಲ. ಬೆಳೆದ ಜೋಳದ ಹೊಲದಲ್ಲಿ ಚಕ್ಕಡಿ ಹಾಯಿಸಿದವನು ಪಂಚರ ಮುಂದೆ ನಿಂತು, “ನನ್ನ ಚಕ್ಕಡಿಯ ನೆಲೆ ಅನಿಶ್ಚಿತವಾಗಿತ್ತು” ಎಂದರೆ ಪಂಚರು ಒಪ್ಪುತ್ತಾರೆಯೇ? ಗಾಲಿಯ ಜಾಡು ಹೊಲದಲ್ಲಿ ಬಿದ್ದಿದೆಯಲ್ಲ!

ಹೈಸೆನ್‌ಬರ್ಗ್ ಅವರ ಗಾಲಿಯ ಜಾಡನ್ನು ನೋಡೋಣ. ಅವರು ಜರ್ಮನಿ ಬಿಡಲಿಲ್ಲ. ಯುದ್ಧ ಆರಂಭವಾದ 1939ರಿಂದಲೇ ಯುರೇನಿಯಂ ಸಂಶೋಧನೆಯಲ್ಲಿದ್ದರು. ಕೋಪನ್‌ಹೇಗನ್ನಿಗೆ ಹೋದದ್ದು ಆಕ್ರಮಣಕಾರರು ನಡೆಸುತ್ತಿದ್ದ ಜರ್ಮನ್ ಸಾಂಸ್ಕೃತಿಕ ಸಂಸ್ಥೆಯ ಉಪನ್ಯಾಸಕ್ಕಾಗಿ. ಬೋರ್ ಆ ಸಮಾರಂಭಕ್ಕೆ ಹೋಗಲಿಲ್ಲ. 1942ರ ನಂತರ ಜರ್ಮನರು ಬಾಂಬಿನ ಆಸೆಯನ್ನು ಬದಿಗಿಟ್ಟರೂ ಹೈಸೆನ್‌ಬರ್ಗ್ 1945ರ ವಸಂತದವರೆಗೆ ಅದೇ ಸರ್ಕಾರಕ್ಕಾಗಿ ರಿಯಾಕ್ಟರಿನ ಕೆಲಸ ನಡೆಸಿದರು. ಇವುಗಳಲ್ಲಿ ಒಂದೂ ಅನಿಶ್ಚಿತವಲ್ಲ. ಬೋರ್ ಬರೆದು ಕಳಿಸದೇ ಇಟ್ಟ ಪತ್ರದ ಕರಡುಗಳನ್ನು 2002ರಲ್ಲಿ ಅವರ ಮನೆಯವರು ಪ್ರಕಟಿಸಿದರು. ತಮ್ಮ ನೇತೃತ್ವದಲ್ಲಿ ಜರ್ಮನಿಯಲ್ಲಿ ಅಣ್ವಸ್ತ್ರದ ಸಿದ್ಧತೆ ನಡೆದಿದೆ ಎಂಬ ಅಭಿಪ್ರಾಯವನ್ನೇ ಹೈಸೆನ್‌ಬರ್ಗ್ ಆ ದಿನ ಮೂಡಿಸಿದರೆಂದು ಬೋರ್ ಅಲ್ಲಿ ಬರೆದಿದ್ದಾರೆ. ಇದೂ ಒಬ್ಬರ ನೆನಪೇ, ಒಪ್ಪೋಣ. ಅನಿಶ್ಚಿತವಾಗಿರುವುದು ಒಂದು ಸಂಜೆಯ ಮಾತು ಮತ್ತು ಉದ್ದೇಶ. ಆರು ವರ್ಷದ ಕೆಲಸ ಕಣ್ಣ ಮುಂದಿದೆ.

ನಾಟಕ ಎತ್ತುವ ಇನ್ನೊಂದು ಸೂಕ್ಷ್ಮ ಪ್ರಶ್ನೆಯಿದೆ. ಬಾಂಬಿಗೆ ಎಷ್ಟು ಯುರೇನಿಯಂ ಬೇಕೆಂಬ ಲೆಕ್ಕವನ್ನು ಹೈಸೆನ್‌ಬರ್ಗ್ ಸರಿಯಾಗಿ ಮಾಡಲೇ ಇಲ್ಲವೇಕೆ? ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಫಾರ್ಮ್ ಹಾಲ್ ಎಂಬ ಮನೆಯಲ್ಲಿ 10 ಜನ ಜರ್ಮನ್ ವಿಜ್ಞಾನಿಗಳನ್ನು ಇಟ್ಟು ಅವರ ಮಾತುಗಳನ್ನು ಗುಟ್ಟಾಗಿ ಕೇಳಲಾಯಿತು. ಆ ದಾಖಲೆ 1992ರಲ್ಲಿ ಬಯಲಾಯಿತು. ಹಿರೋಶಿಮಾದ ಸುದ್ದಿ ಬಂದ ರಾತ್ರಿ ಹೈಸೆನ್‌ಬರ್ಗ್ ಹೇಳಿದ ಅಂದಾಜು ಬಹಳ ದೊಡ್ಡದಾಗಿತ್ತು. ಒಂದು ವಾರದೊಳಗೆ ಸರಿಯಾದ ದಾರಿ ಹಿಡಿದರು. ಲೆಕ್ಕ ಬಿಡಿಸದೆ ಬಂದ ಹುಡುಗರನ್ನು ಕಂಡ ಯಾವ ಮಾಸ್ತರರಿಗೂ ಇದು ಹೊಸದಲ್ಲ. ಬಾರದೆ ಬಿಟ್ಟನೋ, ಬೇಡವೆಂದು ಬಿಟ್ಟನೋ, ಹೊಳೆಯದೆ ಬಿಟ್ಟನೋ, ಪಾಟಿ ಮಾತ್ರ ಖಾಲಿ. ಖಾಲಿ ಪಾಟಿಗೆ ಸತ್ಯಾಗ್ರಹಿಯ ಪದಕ ಕೊಡುವುದು ಯಾವ ನ್ಯಾಯ?

“ಅಂಥ ಕಾಲದಲ್ಲಿ ಇನ್ನೇನು ಮಾಡಲು ಸಾಧ್ಯವಿತ್ತು?” ಎಂದು ಕೇಳುತ್ತಾರೆ. ಮಾಡಿ ತೋರಿಸಿದವರಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿಯೇ ಇದ್ದು ಹೋದವರು. ಗಟ್ಟಿಂಗೆನ್ನಿನಲ್ಲಿ ಹೈಸೆನ್‌ಬರ್ಗ್ ಅವರನ್ನು ಸಹಾಯಕರನ್ನಾಗಿ ಇಟ್ಟುಕೊಂಡು ಬೆಳೆಸಿದ ಮ್ಯಾಕ್ಸ್ ಬಾರ್ನ್ ಅವರನ್ನು, ಯಹೂದಿ ಎಂಬ ಒಂದೇ ಕಾರಣಕ್ಕೆ, 1933ರಲ್ಲಿ ಹಿಟ್ಲರನ ಸರ್ಕಾರ ಹುದ್ದೆಯಿಂದ ತಳ್ಳಿತು. ಸರ್ ಸಿ. ವಿ. ರಾಮನ್ ಅವರ ಕರೆಯ ಮೇರೆಗೆ 1935–36ರ ಚಳಿಗಾಲದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಅವರಿಗೆ ಇಲ್ಲಿಯೇ ಕಾಯಂ ಸ್ಥಾನ ಕೊಡಿಸಬೇಕೆಂದು ರಾಮನ್ ಪ್ರಯತ್ನಿಸಿದರು, ಅದು ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಮನೆ, ದೇಶ, ಹುದ್ದೆ ಎಲ್ಲವನ್ನೂ ಹಿಟ್ಲರನಿಂದ ಕಳೆದುಕೊಂಡ ಈ ಮನುಷ್ಯನಿಗೆ ಬಾಂಬು ಮಾಡಲು ಬೇಕಾದಷ್ಟು ಕಾರಣವಿತ್ತು. ಆದರೂ ಅವರು ಆ ಕೆಲಸಕ್ಕೆ ಸೇರಲಿಲ್ಲ. ಪರಮಾಣು ಸೀಳುವುದರ ಅರ್ಥವನ್ನು ಮೊದಲು ಬಿಡಿಸಿ ಹೇಳಿದವರಲ್ಲಿ ಒಬ್ಬರಾದ ಲೀಸ್ ಮೈಟ್ನರ್ ಅವರೂ ಕರೆ ಬಂದಾಗ ನಿರಾಕರಿಸಿದರು. ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್ ಅಮೇರಿಕೆಯ ಲಾಸ್ ಅಲಮೋಸ್‌ನಲ್ಲಿ ಬಾಂಬಿನ ಕೆಲಸಕ್ಕೆ ಸೇರಿದ್ದರು. ಜರ್ಮನರು ಬಾಂಬು ಮಾಡುತ್ತಿಲ್ಲವೆಂದು ತಿಳಿದೊಡನೆ 1944ರ ಕೊನೆಗೆ ಕೆಲಸ ಬಿಟ್ಟು ಹೊರಬಂದರು. ಇವರಿಗೆ ಭವಿಷ್ಯ ನಿಶ್ಚಿತವಾಗಿ ಗೊತ್ತಿತ್ತೇ? ಇಲ್ಲ. ಕತ್ತಲೆ ಎಲ್ಲರಿಗೂ ಒಂದೇ ಇತ್ತು. ಆ ಕತ್ತಲೆಯಲ್ಲಿಯೇ ಇವರು ಒಂದು ಕಡೆ ಹೆಜ್ಜೆ ಇಟ್ಟರು.

ನಾಟಕದ ಅತ್ಯಂತ ಹರಿತವಾದ ಮಾತು ಬೋರ್ ಅವರಿಗೇ ತಗಲುತ್ತದೆ ಎಂಬುದನ್ನು ಮುಚ್ಚಿಡುವುದು ಬೇಡ. 1943ರಲ್ಲಿ ಡೆನ್ಮಾರ್ಕಿನಿಂದ ಪಾರಾದ ಬೋರ್ ಲಾಸ್ ಅಲಮೋಸ್‌ಗೆ ಹೋಗಿ ಸಲಹೆ ಕೊಟ್ಟರು. ಹಿಟ್ಲರನ ಕೈಕೆಳಗಿದ್ದವರ ಬಾಂಬು ಯಾರ ಮೇಲೂ ಬೀಳಲಿಲ್ಲ. ಸಜ್ಜನರು ಸೇರಿ ಮಾಡಿದ ಬಾಂಬು 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಾಸಾಕಿಯ ಮೇಲೆ ಬಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಾಸಾಕಿಯಲ್ಲಿ ಸುಮಾರು 70,000 ಜನ ಸತ್ತರೆಂದು ಅಂದಾಜು. ಇದರಿಂದ ಹೊರಡುವ ಪಾಠ ಯಾವುದು? ಇಬ್ಬರನ್ನೂ ಬಿಟ್ಟುಬಿಡಿ ಎಂದೋ? ಅಲ್ಲ, ಇಬ್ಬರಿಂದಲೂ ಲೆಕ್ಕ ಕೇಳಿ ಎಂದು. ರಂಗದ ಮೇಲೆ ಮೂರು ಕುರ್ಚಿಗಳಿವೆ. ನಾಲ್ಕನೆಯ ಕುರ್ಚಿ ಸುಟ್ಟುಹೋದವರದು. ಅದನ್ನು ಯಾರೂ ಹಾಕಲಿಲ್ಲ.

ಈ ನಾಲ್ಕನೆಯ ಕುರ್ಚಿ ನಮ್ಮ ನಾಡಿನಲ್ಲಿಯೂ ಖಾಲಿಯೇ ಇದೆ. ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದಾಗ ತಜ್ಞರು ನಕ್ಷೆಯ ಮೇಲೆ ಎಲ್ಲ ಹೊಲಗಳಿಗೂ ನೀರು ಹರಿಸಿದರು. ನಿಜವಾದ ಕಾಲುವೆಯ ಬಾಲದಲ್ಲಿದ್ದವನಿಗೆ ನೀರು ಬರುವುದು ಅನಿಶ್ಚಿತವಾಯಿತು. ಅಭಿವೃದ್ಧಿ ಕರ ಮಾತ್ರ ನಿಶ್ಚಿತವಾಗಿ ಬಂತು! 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದು ನಿಂತದ್ದು, ಗುಂಡು ಹಾರಿದ್ದು, ರೈತರು ಸತ್ತದ್ದು ನಾಡಿಗೇ ಗೊತ್ತಿದೆ. ಅಂದು ತಪ್ಪಿದ ಅಂದಾಜಿನ ಬೆಲೆಯನ್ನು ಅಂದಾಜು ಮಾಡಿದವರು ಕೊಡಲಿಲ್ಲ. ಕಾಗದದ ಮೇಲಿನ ಸಂಶಯದ ಲಾಭ ಕಚೇರಿಗೆ, ನಷ್ಟ ರೈತನಿಗೆ!

ಅಣುವಿನ ವಿಷಯದಲ್ಲಿಯೂ ಹೀಗೆಯೇ. ಕಾಳೀ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಡಾ. ಶಿವರಾಮ ಕಾರಂತರು ಹೋರಾಡಿದರು; 1989ರಲ್ಲಿ ಅದಕ್ಕಾಗಿಯೇ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸಾಹಿತಿಗೆ ಭೌತವಿಜ್ಞಾನವೇನು ಗೊತ್ತು ಎಂದವರುಂಟು. 1994ರ ಮೇ 13ರಂದು ಅಲ್ಲಿ ಕಟ್ಟುತ್ತಿದ್ದ ಸ್ಥಾವರದ ಕಾಂಕ್ರೀಟ್ ಗುಮ್ಮಟದ ಒಳಪದರು ಕುಸಿದುಬಿತ್ತು. ಕಟ್ಟಿದವರೆಲ್ಲರೂ ತಜ್ಞರೇ.

ಇನ್ನು ಬಾಂಬಿನ ಮಾತು. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಸ್ಫೋಟದ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. ಹೈಸೆನ್‌ಬರ್ಗ್ ಅವರಂತೆಯೇ ಒಳ್ಳೆಯ ಪಿಯಾನೋ ವಾದಕರು. ವಿಷಯ ಗೊತ್ತಿದ್ದದ್ದು ಬೆರಳೆಣಿಕೆಯ ಜನರಿಗೆ. ನಿರ್ಣಯದ ಸಭೆಯಲ್ಲಿ ಭಿನ್ನಾಭಿಪ್ರಾಯವಿತ್ತೆಂದು ರಾಮಣ್ಣನವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸರ್ಕಾರ ಅದನ್ನು ‘ಶಾಂತಿಯುತ ಅಣುಸ್ಫೋಟ’ ಎಂದು ಕರೆಯಿತು. ಅದು ಬಾಂಬೇ ಆಗಿತ್ತೆಂದು 1997ರಲ್ಲಿ ರಾಮಣ್ಣನವರೇ ಬಾಯಿಬಿಟ್ಟು ಹೇಳಿದರು. ಇಪ್ಪತ್ತಮೂರು ವರ್ಷ ಜನತೆಗೆ ಶಾಂತಿಯೆಂದು ಹೇಳಿದ ವಸ್ತುವಿನ ನಿಜವಾದ ಹೆಸರು ಬೇರೆಯಿತ್ತು! ಇದಕ್ಕಿಂತ ದೊಡ್ಡ ನಾಟಕ ಬೇಕೆ? ರಾಮಣ್ಣನವರ ವಿದ್ವತ್ತನ್ನೂ ದೇಶಪ್ರೇಮವನ್ನೂ ನಾವು ಸಂಶಯಿಸುವುದಿಲ್ಲ. ಅವರ ಕೆಲಸವನ್ನು ನಾವು ಪ್ರಶ್ನಿಸಬಹುದು ಎಂಬಷ್ಟನ್ನೇ ಹೇಳುತ್ತೇವೆ. ಕೋಪನ್‌ಹೇಗನ್ನಿನ ಸಂಜೆಗೆ ಕಣ್ಣೀರು ಹಾಕುವ ನಮ್ಮ ರಸಿಕರು ಪೋಖರಣದ ಹಿಂದಿನ ಆ ಸಭೆಯ ಬಗ್ಗೆ ಯಾಕೆ ತುಟಿ ಬಿಚ್ಚುವುದಿಲ್ಲ? ಪರದೇಶದ ವಿಜ್ಞಾನಿಯ ಮನಸ್ಸಾಕ್ಷಿಯ ಬಗ್ಗೆ ಮರುಗುವುದು ಸುಲಭ. ಅದಕ್ಕೆ ಏನೂ ಖರ್ಚಾಗುವುದಿಲ್ಲ.

“ಇವೆಲ್ಲ ಹಳ್ಳಿಯ ಜನಕ್ಕೆ ತಿಳಿಯುವ ನಾಟಕಗಳಲ್ಲ” ಎಂಬ ಕೊನೆಯ ವಾದವನ್ನೂ ನೋಡಿಬಿಡೋಣ. ನಮ್ಮ ಕಡೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಜನ ಬೆಳತನಕ ಕೂತು ನೋಡುತ್ತಾರೆ. ಜೀವದ ಗೆಳೆಯನಾದ ಸಂಗ್ಯಾನನ್ನು ಬಾಳ್ಯಾ ವೈರಿಗಳ ಕೈಗೆ ಯಾಕೆ ಕೊಟ್ಟ? ಅಂಜಿಕೆಗೋ, ಆಸೆಗೋ? ಮನೆಗೆ ಹೋಗುವ ದಾರಿಯುದ್ದಕ್ಕೂ ವಾದ ನಡೆಯುತ್ತದೆ. ಅದು ಇಂದಿಗೂ ತೀರಿಲ್ಲ. ಆದರೆ ಬಾಳ್ಯಾ ಗೆಳೆಯನನ್ನು ಕೊಟ್ಟನೆಂಬುದರಲ್ಲಿ ಕೂತವರಲ್ಲಿ ಒಬ್ಬನಿಗೂ ಸಂಶಯವಿಲ್ಲ. ಉದ್ದೇಶ ಬೇರೆ, ಕೃತಿ ಬೇರೆ ಎಂಬ ವಿವೇಕ ನಮ್ಮ ಕಣದಲ್ಲಿ ಕೂತು ಆಟ ನೋಡುವವರಿಗೆ ಇದೆ. ಅದನ್ನು ಮರೆತವರು ಮುಂದಿನ ಸಾಲಿನ ಕುರ್ಚಿಯವರು.

ಆದ್ದರಿಂದ ನಾವು ಹೇಳುವುದು ಇಷ್ಟು. ಅಪರಾಧಿಗೆ ಶಿಕ್ಷೆ ಕೊಡುವಾಗ ಸಂಶಯದ ಲಾಭ ಆರೋಪಿಗೆ ಸಿಗಬೇಕು. ಇದು ಒಳ್ಳೆಯ ಕಾನೂನು, ಅದಕ್ಕೆ ನಾವು ಬದ್ಧರು. ಆದರೆ ಲಕ್ಷಾಂತರ ಜನರ ಜೀವಕ್ಕೆ, ನೆಲಕ್ಕೆ, ನೀರಿಗೆ ತಗಲುವ ಕೆಲಸವನ್ನು ಕೈಗೆತ್ತಿಕೊಳ್ಳುವಾಗ ಸಂಶಯದ ಲಾಭ ಆ ಜನರಿಗೆ ಸಿಗಬೇಕು. ಖಚಿತವಾಗಿ ಗೊತ್ತಿಲ್ಲವೆಂದರೆ ನಿಲ್ಲಿ, ಹೇಳಿ, ಕೇಳಿ. ಗೊತ್ತಿಲ್ಲವೆಂಬುದನ್ನು ಮೊದಲು ಗುಟ್ಟಾಗಿಟ್ಟು, ಅನಾಹುತವಾದ ಮೇಲೆ ಅದನ್ನೇ ತತ್ವಜ್ಞಾನವೆಂದು ಬೋಧಿಸುವುದು ಸಲ್ಲದು.

ನಮ್ಮ ಹವ್ಯಾಸಿ ನಾಟಕ ಸಂಘಗಳಿಗೂ ಕಾಲೇಜಿನ ತರುಣರಿಗೂ ಒಂದು ಬಿನ್ನಹ. ‘ಕೋಪನ್‌ಹೇಗನ್’ ನಾಟಕವನ್ನು ರೋಣಕ್ಕೆ ತನ್ನಿ, ನರಗುಂದಕ್ಕೆ ತನ್ನಿ, ಗಜೇಂದ್ರಗಡಕ್ಕೆ ತನ್ನಿ. ಟಿಕೇಟು ಕೂಲಿಯವನಿಗೆ ಎಟಕುವಂತಿರಲಿ. ಪರದೆ ಬಿದ್ದ ಮೇಲೆ ದೀಪ ಆರಿಸಬೇಡಿ. ಕೂತ ಜನಕ್ಕೆ ಮಾತಾಡಲು ಬಿಡಿ. ಬೆಂಗಳೂರಿನಲ್ಲಿ ಬಾರ್ನ್, ಪೋಖರಣದಲ್ಲಿ ರಾಮಣ್ಣ, ಕೈಗಾದಲ್ಲಿ ಕಾರಂತರು, ಇವರನ್ನೂ ಕನ್ನಡದ ರಂಗಕ್ಕೆ ತರುವ ಬರಹಗಾರ ಹುಟ್ಟಲಿ. ತಪ್ಪು ಯಾರದೆಂದು ಜನ ವಾದಿಸಲಿ, ಒಪ್ಪದಿರಲಿ, ಮರುದಿನ ಕಟ್ಟೆಯ ಮೇಲೆ ಮತ್ತೆ ವಾದಿಸಲಿ. ಲೆಕ್ಕ ಕೇಳುವ ಹಕ್ಕು ಮಾತ್ರ ಅವರದೇ. ಅದರಲ್ಲಿ ಯಾವ ಅನಿಶ್ಚಿತತೆಯೂ ಇಲ್ಲ.