ಟವರ್‌ಗೆ ದುಡ್ಡಿದೆ, ತರಬೇತಿಗೆ ಯಾಕಿಲ್ಲ?

ಮಲೆನಾಡಿನ ಗುಡ್ಡದ ಮೇಲೊಂದು ಕಂಬ, ಕೆಳಗಿನ ಶಾಲೆಯ ಮಾಡಿನ ಮೇಲೊಂದು ಡಿಶ್. ಬೇಸಿಗೆಯಲ್ಲಿ ಸರ್ವೆ ಮಾಡಿ ಹಾಕಿದ ಇಂಥ ವೈರ್‌ಲೆಸ್ ಲಿಂಕ್ ಮಳೆಗಾಲದಲ್ಲಿ ಕೈಕೊಟ್ಟರೆ ಎಲ್ಲರೂ ಮಳೆಯನ್ನೇ ಬೈತಾರೆ. ಆದರೆ 5 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳಿಗೆ ಮಳೆಹನಿ ಅಂಥ ದೊಡ್ಡ ಅಡ್ಡಿಯೇನಲ್ಲ. ನಿಜವಾದ ಅಡ್ಡಿ, ನಡುವೆ ಚಿಗುರಿ ನಿಂತ ಮರದ ಒದ್ದೆ ಎಲೆಗಳು.

ಎರಡು ಆಂಟೆನಾ ಒಂದಕ್ಕೊಂದು ಕಣ್ಣಿಗೆ ಕಂಡರೆ ಸಾಕು ಅನ್ನೋದು ಸಾಮಾನ್ಯ ತಪ್ಪು ತಿಳಿವಳಿಕೆ. 10 ಕಿಲೋಮೀಟರ್ ದೂರದ ಲಿಂಕ್‌ನಲ್ಲಿ, 5.8 ಗಿಗಾಹರ್ಟ್ಸ್ ತರಂಗಕ್ಕೆ ನಡುಮಧ್ಯದಲ್ಲಿ ನೇರ ಗೆರೆಯ ಸುತ್ತ ಸುಮಾರು 11 ಮೀಟರ್ ಜಾಗ ಬೇಕು. ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ಐದು ವರ್ಷದಲ್ಲಿ ಆ ಮರ ಎಷ್ಟು ಬೆಳೆಯುತ್ತೆ ಅಂತ ಲೆಕ್ಕ ಹಾಕೋದೇ ಪರಿಣತರ ಕೆಲಸ.

ನಮ್ಮಲ್ಲಿ ಕಾನೂನಿನ ತೊಡಕು ಬಹಳಷ್ಟು ನಿವಾರಣೆಯಾಗಿದೆ. 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ ಲೈಸೆನ್ಸ್‌ಮುಕ್ತವಾಯ್ತು. 2020ರ ಪಿಎಂ-ವಾಣಿ ಯೋಜನೆಯಡಿ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. 2023ರಲ್ಲಿ ಭಾರತ್‌ನೆಟ್‌ಗೆ ₹1,39,579 ಕೋಟಿ ಮಂಜೂರಾಯ್ತು. ಆದರೆ 2022ರ ಹೊತ್ತಿಗೆ 1 ಕೋಟಿ ಸಾರ್ವಜನಿಕ ವೈಫೈ ತಾಣ ಅನ್ನೋ ರಾಷ್ಟ್ರೀಯ ನೀತಿಯ ಗುರಿ, ಗಡುವು ಮುಗಿದು ವರ್ಷಗಳಾದರೂ ದೂರವೇ ಉಳಿದಿದೆ.

ಕೊರತೆ ಎಲ್ಲಿದೆ ಅನ್ನೋದಕ್ಕೆ ಉತ್ತರ ಪಕ್ಕದ ರಾಜ್ಯದಲ್ಲೇ ಸಿಕ್ಕಿತ್ತು. ತಮಿಳುನಾಡಿನ ಥೇಣಿಯ ಅರವಿಂದ್ ಕಣ್ಣಾಸ್ಪತ್ರೆ, ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಸುತ್ತಲಿನ ಊರುಗಳ ನೇತ್ರ ಕೇಂದ್ರಗಳನ್ನು ದೂರಗಾಮಿ ವೈಫೈನಿಂದ ಜೋಡಿಸಿತು. ವೈದ್ಯರು ಕೂತಲ್ಲಿಂದಲೇ ವಿಡಿಯೊದಲ್ಲಿ ರೋಗಿಗಳನ್ನು ನೋಡತೊಡಗಿದರು. ಆ ತಂಡ 2008ರಲ್ಲಿ ತನ್ನ ಅನುಭವ ಬರೆದಾಗ ಮುಖ್ಯವಾಗಿ ಹೇಳಿದ್ದು ವೇಗದ ಬಗ್ಗೆ ಅಲ್ಲ. ಏರುಪೇರಾಗುವ ಕರೆಂಟ್ ಉಪಕರಣಗಳನ್ನು ಹಾಳು ಮಾಡ್ತಿತ್ತು. ದೋಷ ಎಲ್ಲಿದೆ ಅಂತ ಪತ್ತೆ ಹಚ್ಚೋದು ಸ್ಥಳೀಯ ಸಿಬ್ಬಂದಿಗೆ ಕಷ್ಟವಾಗ್ತಿತ್ತು. ಇತ್ತ ಹಿಮಾಚಲದ ಧರ್ಮಶಾಲೆಯ ಏರ್‌ಜಲ್ದಿ ಜಾಲ ಕಟ್ಟುವುದರ ಜೊತೆಗೆ ಸ್ಥಳೀಯರಿಗೆ ತರಬೇತಿಯನ್ನೂ ಕೊಡುತ್ತಾ ಬಂತು.

ಉಪಗ್ರಹ ಇಂಟರ್‌ನೆಟ್ ಬಂದರೆ ಇದೆಲ್ಲ ಯಾಕೆ ಅಂತ ಕೇಳಬಹುದು. ಉಪಗ್ರಹದ ಸಿಗ್ನಲ್ ಪಂಚಾಯ್ತಿ ಮಾಡಿಗೆ ಇಳಿದ ಮೇಲೂ ಅಲ್ಲಿಂದ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಯಾರಾದರೂ ಮುಟ್ಟಿಸಲೇಬೇಕಲ್ಲ? ಅದಕ್ಕೂ ಕಂಬ, ಅರ್ಥಿಂಗ್, ಸಿಡಿಲು ರಕ್ಷಣೆ, ಸರಿಯಾದ ಚಾನೆಲ್ ಆಯ್ಕೆ ಬೇಕು.

ಹಾಗಾಗಿ ಟೆಂಡರ್‌ನಲ್ಲೇ ಎರಡು ಷರತ್ತು ಸೇರಲಿ. ಒಂದು, ಉಪಕರಣ ಮಾರುವವರೇ ಸರ್ವೆ ಮಾಡಬಾರದು. ಅದಕ್ಕೆ ಸ್ವತಂತ್ರ ಪರಿಣತರಿರಲಿ. ಎರಡು, ಪ್ರತಿ ಪಂಚಾಯ್ತಿಯಲ್ಲೂ ಇಬ್ಬರಿಗೆ ಕಂಬದ ಮೇಲೇ ತರಬೇತಿ ಸಿಗಲಿ. ಅವರು ಒಂದು ಮಳೆಗಾಲ ಜಾಲವನ್ನು ತಾವೇ ನಡೆಸಿ ತೋರಿಸಿದ ಮೇಲಷ್ಟೇ ತರಬೇತಿ ಕೊಟ್ಟವರ ಕೊನೆಯ ಕಂತು ಬಿಡುಗಡೆಯಾಗಲಿ.

ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ನೋಡಿದ್ದೇವೆ. ಕಂಬ ನೆಟ್ಟು ರಿಪೇರಿಗೆ ಜನರಿಲ್ಲದಿದ್ದರೆ ಆ ಮಕ್ಕಳು ಮತ್ತೆ ಅದೇ ಗುಡ್ಡ ಹತ್ತಬೇಕಾಗುತ್ತೆ.