ಪ್ರಭಾರದಲ್ಲೇ ದೂಡುವ ಆಡಳಿತ ಇನ್ನೆಷ್ಟು ದಿನ?

ಪಹಣಿ ತಿದ್ದುಪಡಿಗೋ ಪೌತಿ ಖಾತೆಗೋ ಅಲೆಯುವ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯ ರೈತರು ಕೆಲಸದ ಮಾತೆತ್ತುವ ಮೊದಲು, ‘ಸಾಹೇಬ್ರು ಇವತ್ತು ಯಾವ ಊರಾಗ ಅದಾರ?’ ಎಂದು ವಿಚಾರಿಸಬೇಕಾಗಿದೆ. ಗ್ರಾಮ ಆಡಳಿತಾಧಿಕಾರಿಗೆ ಪಕ್ಕದ ವೃತ್ತದ ಪ್ರಭಾರ, ಪಿಡಿಒಗೆ ಇನ್ನೊಂದು ಪಂಚಾಯಿತಿಯ ಹೊಣೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯವರಿಗೂ ಇದು ಹೊಸದಲ್ಲ. ತಾತ್ಕಾಲಿಕವೆಂದು ವಹಿಸಿದ ಪ್ರಭಾರವೇ ಆಡಳಿತದ ಪದ್ಧತಿಯಾಗಿಬಿಟ್ಟಿರುವುದು ಅಪಾಯಕಾರಿ.

ರಾಜ್ಯ ಸರ್ಕಾರದ ಸುಮಾರು 7.7 ಲಕ್ಷ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಈ ಕೊರತೆಯ ಪೆಟ್ಟು ಮೊದಲು ಬೀಳುವುದು ದೂರದ ಹೋಬಳಿಗಳ ಮೇಲೆ. ಇಲ್ಲಿಗೆ ಬಂದವರೂ ವರ್ಗಾವಣೆ, ನಿಯೋಜನೆ ಎಂದು ಪಟ್ಟಣ ಸೇರುತ್ತಾರೆ. ಅವರ ಜಾಗ ಹಾಗೇ ಉಳಿಯುತ್ತದೆ.

ಹರಪನಹಳ್ಳಿ ತಾಲ್ಲೂಕಿಗೆ ಇದರ ನೋವು ಇನ್ನೂ ಆಳವಾದದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ, 2013ರಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದಾಗ ಈ ತಾಲ್ಲೂಕು ಹೊರಗುಳಿಯಿತು. ಜನ ಬೀದಿಗಿಳಿದು ಹೋರಾಡಿದರು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಸೇರಿತು, ಸೌಲಭ್ಯ ದಕ್ಕಿತು. ಈಗ ವಿಜಯನಗರ ಜಿಲ್ಲೆ. ‘ಸಿ’ ವೃಂದದಲ್ಲಿ ಶೇ 80, ‘ಡಿ’ ವೃಂದದಲ್ಲಿ ಶೇ 85ರಷ್ಟು ಹುದ್ದೆಗಳು ಸ್ಥಳೀಯರಿಗೆ ಎನ್ನುತ್ತದೆ ನಿಯಮ. ನೇಮಕಾತಿಯೇ ನಡೆಯದಿದ್ದರೆ ಪಾಲು ಕೇಳುವುದು ಯಾವುದರಲ್ಲಿ? ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ದಶಕಗಳ ನ್ಯಾಯವಾದ ಬೇಡಿಕೆ. ಅದನ್ನು ಯಾರೂ ದೂರುವಂತಿಲ್ಲ. ಆದರೆ ಖಾಲಿ ಹುದ್ದೆಗಳ ರಾಶಿ ಆ ತೀರ್ಮಾನಕ್ಕಿಂತ ಬಹಳ ಹಳೆಯದು. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ನೇಮಕಾತಿ ಪರೀಕ್ಷೆಗೆ ಓದುತ್ತ ಕೂತ ನಮ್ಮ ಮಕ್ಕಳಿಗೆ ವಯಸ್ಸು ಮೀರುತ್ತಿದೆ. ಹೊಲದ ದುಡಿಮೆಯಲ್ಲಿ ಅವರಿಗೆ ಹಣ ಕಳಿಸುವ ತಂದೆ-ತಾಯಿಗೆ ಸರ್ಕಾರ ಏನು ಉತ್ತರ ಕೊಡುತ್ತದೆ?

ಶಾಲೆಗಳ ಸ್ಥಿತಿ ಇನ್ನೂ ಕಳವಳಕಾರಿ. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕೆಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮ. ಏಕೋಪಾಧ್ಯಾಯ ಶಾಲೆ ನಡೆಸುವುದೆಂದರೆ ಸರ್ಕಾರ ತನ್ನ ಕಾಯ್ದೆಯನ್ನೇ ಮುರಿದಂತೆ. ಮೇಷ್ಟ್ರು ಸಭೆಗೋ ಸಮೀಕ್ಷೆಗೋ ಹೋದ ದಿನ ಐದೂ ತರಗತಿಗೆ ಪಾಠವಿಲ್ಲ. ಅತಿಥಿ ಶಿಕ್ಷಕರು ಈ ಕೊರತೆಯನ್ನು ಹೊತ್ತು ನಡೆಸುತ್ತಿದ್ದಾರೆ, ನಿಜ; ಆದರೆ ಬೇಸಿಗೆ ರಜೆ ಬಂದರೆ ಅವರ ಸಂಬಳವೇ ನಿಲ್ಲುತ್ತದೆ.

ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂಬುದನ್ನು ಪ್ರತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕು. ಪ್ರಭಾರಕ್ಕೆ ಆರು ತಿಂಗಳ ಗಡುವು ಹಾಕಬೇಕು. ವಿಜಯನಗರ ಜಿಲ್ಲೆಯ ಐವರೂ ಶಾಸಕರು ಪಕ್ಷಭೇದ ಬಿಟ್ಟು, ಮುಂದಿನ ಅಧಿವೇಶನದಲ್ಲಿ ಒಟ್ಟಾಗಿ ಎದ್ದು ನಿಂತು, ಈ ತಾಲ್ಲೂಕುಗಳ ಹುದ್ದೆ ತುಂಬುವ ದಿನಾಂಕವನ್ನು ಸರ್ಕಾರದ ಬಾಯಿಂದಲೇ ಹೇಳಿಸಲಿ.